ಕೋರ್ಟ್ ಆರ್ಡರ್ ಮುರಿದವನ ಪರವಾಗಿ ರಾಜಿಗೆ ನಾನಿನ್ನು ಕೂರಲ್ಲ



ಪೋಸ್ಟ್ ಉದ್ದ ಇದೆ. ಆದ್ರೂ ಕೊನೆತನಕ ಓದಿ. ಅದರಲ್ಲೂ ಕೇರಿಯಲ್ಲಿ, ಸಂಘಟನೆಯಲ್ಲಿ ‘ಯಜಮಾನ್ರು’, ‘ಅಣ್ಣ’ ಅನ್ನಿಸಿಕೊಂಡು ಗಂಡ ಹೆಂಡ್ತಿ ಜಗಳ ಬಗೆಹರಿಸೋಕೆ ಹೋಗೋ ಗಂಡಸರು ತಪ್ಪದೆ ಓದಿ. ಯಾಕಂದ್ರೆ ನಾನೂ ಆ ಪೈಕಿ ಒಬ್ಬ.

ಮೊನ್ನೆ ರಾತ್ರಿ ಹತ್ತೂವರೆಗೆ ಗೋಪಾಳದಿಂದ ಒಬ್ಬ ತಂಗಿ ಫೋನ್ ಮಾಡಿದ್ಲು. "ಅಣ್ಣಾ, ಬಾಗಿಲು ಬಡೀತಿದಾನೆ. ಮಕ್ಕಳು ಮಂಚದ ಕೆಳಗೆ ಹೋಗಿ ಕೂತಿದಾವೆ" ಅಂದ್ಲು. ಮಾಚೇನಹಳ್ಳಿ ಕಡೆ ಕೆಲಸಕ್ಕೆ ಹೋಗೋ ಹೆಣ್ಣುಮಗಳು. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ರೆ ಸಂಜೆ ಏಳಕ್ಕೆ ಬರ್ತಾಳೆ. ಗಂಡನ ಹೊಡೆತ ತಡೀಲಾರದೆ ಬೇರೆ ಬಾಡಿಗೆ ಮನೆ ಮಾಡಿ, ಕೋರ್ಟಿಗೆ ಹೋಗಿ, ಅವನು ತನ್ನ ಮನೆ ಹತ್ರ, ಕೆಲಸದ ಹತ್ರ ಬರಬಾರದು, ಫೋನೂ ಮಾಡಬಾರದು ಅಂತ ಆರ್ಡರ್ ತಂದಿದ್ಲು. ಆ ಆರ್ಡರನ್ನ ಲ್ಯಾಮಿನೇಷನ್ ಮಾಡಿಸಿ, ರೇಷನ್ ಕಾರ್ಡ್ ಇಡೋ ಕವರಲ್ಲೇ ಇಟ್ಟಿದ್ಲು. ಅಷ್ಟು ನಂಬಿಕೆ ಆ ಕಾಗದದ ಮೇಲೆ.

ನಾವು ಮೂರು ಜನ ಗಾಡಿ ಹತ್ತಿ ಹೋಗೋ ಹೊತ್ತಿಗೆ ಅವನು ಹೋಗಿದ್ದ. ಬಾಗಿಲ ಚಿಲಕ ಕಿತ್ತಿತ್ತು. ಅಲ್ಲಿಂದ ಠಾಣೆಗೆ ಹೋದ್ವಿ. ಅಲ್ಲಿದ್ದವರು ಲ್ಯಾಮಿನೇಷನ್ ಮಾಡಿದ ಆರ್ಡರನ್ನ ತಿರುಗಿಸಿ ಮುರುಗಿಸಿ ನೋಡಿ, "ಇದು ಕೋರ್ಟ್ ಮ್ಯಾಟ್ರು, ಫ್ಯಾಮಿಲಿ ಮ್ಯಾಟ್ರು. ಕೋರ್ಟಲ್ಲೇ ಹೇಳ್ಕೊಳ್ಳಮ್ಮ. ಬೇಕಾದ್ರೆ ಬೆಳಿಗ್ಗೆ ಕರೆಸಿ ಬುದ್ಧಿ ಹೇಳ್ತೀವಿ" ಅಂದ್ರು. ಠಾಣೆ ಯಾವುದು ಅಂತ ಇಲ್ಲಿ ಬರೆಯಲ್ಲ. ಇದು ಒಂದು ಠಾಣೆಯ ಕತೆ ಅಲ್ಲ.

ಬೆಳಿಗ್ಗೆ ಆಗೋದ್ರೊಳಗೆ ನನಗೆ ಎರಡು ಫೋನ್ ಬಂತು. ಎರಡೂ ನಮ್ಮವರದ್ದೇ. "ಅಣ್ಣಾ, ನಮ್ಮ ಹುಡುಗ ಕಣಣ್ಣಾ. ಕುಡಿದು ಏನೋ ಮಾಡ್ಕೊಂಡಿದಾನೆ. ಕೇಸು ಗೀಸು ಬೇಡ. ನೀವೇ ಕೂತು ಒಂದು ಮಾತು ಮುಗಿಸಿಬಿಡಿ."

ಈ ಸಲ ನಾನು ಆಗಲ್ಲ ಅಂದೆ. ಯಾಕೆ ಅಂತ ಹೇಳೋಕೇ ಈ ಪೋಸ್ಟು.

ಕೆಲವು ವರ್ಷದ ಹಿಂದೆ ಭದ್ರಾವತಿಯಲ್ಲಿ ಇಂಥದ್ದೇ ಒಂದು ಪಂಚಾಯ್ತಿಗೆ ಕೂತಿದ್ದೆ. ಆ ಅಕ್ಕನ ಹತ್ರಾನೂ ಕೋರ್ಟ್ ಆರ್ಡರ್ ಇತ್ತು. ಅವನು ಮುರಿದಿದ್ದ. ಒಂದು ಸಲ ಅಲ್ಲ, ಮೂರು ಸಲ. ಆಕೆ ಠಾಣೆಗೆ ಹೋಗ್ತೀನಿ ಅಂದಾಗ ನಾವೇ ನಾಲ್ಕು ಜನ ತಡೆದ್ವಿ. ಸಮುದಾಯ ಭವನದಲ್ಲಿ ಕೂರಿಸಿ, ಅವನ ಕೈಲಿ ತಪ್ಪಾಯ್ತು ಅನ್ನಿಸಿ, ಬಿಳಿ ಹಾಳೆ ಮೇಲೆ ರಾಜಿ ಬರೆಸಿ, ಬಾಬಾಸಾಹೇಬರ ಫೋಟೋ ಮುಂದೆ ಅವನ ಕೈಲಿ ಆಣೆ ಮಾಡಿಸಿದ್ವಿ. ಟೀ ಕುಡಿದು ಎದ್ದು ಬಂದ್ವಿ. ಒಳ್ಳೇ ಕೆಲಸ ಮಾಡಿದ್ವಿ ಅಂತಾನೇ ಅಂದ್ಕೊಂಡೆ.

ಎರಡು ತಿಂಗಳಾದ ಮೇಲೆ ಆಕೆಯನ್ನ ಆಸ್ಪತ್ರೆಯಲ್ಲಿ ನೋಡಿದೆ. ಎಡಗಿವಿ ಇವತ್ತಿಗೂ ಸರಿಯಾಗಿ ಕೇಳಲ್ಲ ಆಕೆಗೆ. ನನ್ನನ್ನ ನೋಡಿ ಬೈಯಲಿಲ್ಲ. "ನೀವು ಹೇಳಿದ್ರಿ ಅಂತ ಹೋದೆ ಅಣ್ಣಾ" ಅಂದ್ಲು, ಅಷ್ಟೇ. ಆ ಬಿಳಿ ಹಾಳೆ ಮೇಲೆ ಸಾಕ್ಷಿ ಅಂತ ನನ್ನ ಸಹಿ ಇದೆ.

ಅದಾದ ಮೇಲೆ ಈ ಕಾನೂನನ್ನ ಕೂತು ಓದಿದೆ. ಮೊದಲೇ ಓದಬೇಕಿತ್ತು. ನಮ್ಮ ವಕೀಲ ಗೆಳೆಯರ ಹತ್ರ ಕೇಳಿ ತಿಳ್ಕೊಂಡೆ. ಅದನ್ನ ನಿಮ್ಮ ಮುಂದೆ ಇಡ್ತೀನಿ.

*ಕಾನೂನು ಏನು ಹೇಳುತ್ತೆ?*

ನಾವು ಡಿ.ವಿ. ಆ್ಯಕ್ಟ್ ಅಂತೀವಲ್ಲ, ಅದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ. ಜಾರಿಗೆ ಬಂದಿದ್ದು 2006ರ ಅಕ್ಟೋಬರ್ 26ಕ್ಕೆ. ಈ ಕಾಯ್ದೆಯ ಕೆಳಗೆ ಮ್ಯಾಜಿಸ್ಟ್ರೇಟ್ ಕೋರ್ಟು ಬೇರೆ ಬೇರೆ ಥರದ ಆದೇಶ ಕೊಡಬಹುದು. ಕಲಂ 18ರಲ್ಲಿ ರಕ್ಷಣಾ ಆದೇಶ. ಹೊಡೀಬಾರದು, ಬೆದರಿಸಬಾರದು, ಕೆಲಸದ ಜಾಗಕ್ಕೆ, ಮಕ್ಕಳ ಸ್ಕೂಲಿಗೆ ಬರಬಾರದು, ಯಾವ ರೀತಿಯಲ್ಲೂ ಸಂಪರ್ಕ ಮಾಡಬಾರದು ಅನ್ನೋದೆಲ್ಲ ಇದರಲ್ಲಿ ಬರುತ್ತೆ. ಕಲಂ 19ರಲ್ಲಿ ವಾಸದ ಆದೇಶ, 20ರಲ್ಲಿ ಜೀವನಾಂಶ ಮತ್ತು ಖರ್ಚು, 21ರಲ್ಲಿ ಮಕ್ಕಳನ್ನ ತಾತ್ಕಾಲಿಕವಾಗಿ ತಾಯಿ ವಶಕ್ಕೆ ಕೊಡೋದು, 22ರಲ್ಲಿ ಪರಿಹಾರ. ತುರ್ತು ಇದ್ರೆ ಆಕೆಯ ಅಫಿಡವಿಟ್ ಮೇಲೆ ಅವನನ್ನ ಕೇಳದೇನೇ ಮಧ್ಯಂತರ ಆದೇಶ ಕೊಡೋಕೆ ಕಲಂ 23 ಇದೆ.

ಇಲ್ಲಿತನಕ ಎಲ್ಲಾ ಸಿವಿಲ್ ಥರದ್ದು. ಯಾರೂ ಜೈಲಿಗೆ ಹೋಗಲ್ಲ. ಅವನಿಗೆ ಕೋರ್ಟ್ ಹೇಳೋದು ಇಷ್ಟೇ: ದೂರ ಇರು, ಹೊಡೀಬೇಡ.

ಅದನ್ನ ಮುರಿದ್ರೆ ಮಾತ್ರ ಕತೆ ಬದಲಾಗುತ್ತೆ. ಕಲಂ 31ರ ಪ್ರಕಾರ ರಕ್ಷಣಾ ಆದೇಶವನ್ನಾಗಲಿ, ಮಧ್ಯಂತರ ರಕ್ಷಣಾ ಆದೇಶವನ್ನಾಗಲಿ ಮುರಿಯೋದು ಅಪರಾಧ. ಒಂದು ವರ್ಷದವರೆಗೆ ಜೈಲು, ಇಲ್ಲಾ 20,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಆದೇಶ ಕೊಟ್ಟ ಮ್ಯಾಜಿಸ್ಟ್ರೇಟೇ ಆದಷ್ಟು ಮಟ್ಟಿಗೆ ಆ ಕೇಸು ನಡೆಸಬೇಕು. ಹಿಂಸೆಯಲ್ಲಿ ಹಳೆ ಐಪಿಸಿ 498ಎ, ಅಂದ್ರೆ ಈಗಿನ ಬಿಎನ್‌ಎಸ್ 85ರ ಅಂಶ ಕಂಡರೆ, ವರದಕ್ಷಿಣೆ ಅಂಶ ಕಂಡರೆ, ಅದರ ಚಾರ್ಜನ್ನೂ ಜೊತೆಗೇ ಹಾಕಬಹುದು.

ಕಲಂ 32 ಇನ್ನೂ ಮುಖ್ಯ. ಈ ಅಪರಾಧ ಕಾಗ್ನಿಜೆಬಲ್, ನಾನ್ ಬೇಲೆಬಲ್. ಪೊಲೀಸರು ಕೋರ್ಟಿನ ಅನುಮತಿಗೆ ಕಾಯದೆ ಎಫ್‌ಐಆರ್ ಮಾಡಬಹುದು, ತನಿಖೆ ಮಾಡಬಹುದು. "ಕೋರ್ಟಲ್ಲೇ ಹೇಳ್ಕೊಳ್ಳಮ್ಮ" ಅನ್ನೋ ಮಾತಿಗೆ ಈ ಕಾಯ್ದೆಯಲ್ಲಿ ಜಾಗ ಇಲ್ಲ. ಅದೇ ಕಲಮಿನಲ್ಲಿ ಇನ್ನೊಂದು ಸಾಲಿದೆ, ನಮ್ಮ ಹೆಣ್ಣುಮಕ್ಕಳಿಗೆ ಬಾಯಿಪಾಠ ಮಾಡಿಸಬೇಕಾದ್ದು: ನೊಂದ ಹೆಂಗಸಿನ ಸಾಕ್ಷ್ಯ ಒಂದರ ಮೇಲೇನೇ ಅಪರಾಧ ಆಗಿದೆ ಅನ್ನೋ ತೀರ್ಮಾನಕ್ಕೆ ಕೋರ್ಟು ಬರಬಹುದು. "ಯಾರಮ್ಮ ಸಾಕ್ಷಿ?" ಅಂತ ಕೇಳೋರಿಗೆ ಉತ್ತರ ಇದು. ಮುಚ್ಚಿದ ಬಾಗಿಲ ಒಳಗೆ ಆಗೋದಕ್ಕೆ ಬೀದಿಯಲ್ಲಿ ಸಾಕ್ಷಿ ಸಿಗಲ್ಲ ಅಂತ ಕಾಯ್ದೆ ಬರೆದವರಿಗೆ ಗೊತ್ತಿತ್ತು.

ಒಂದು ವಿಷಯ ಪ್ರಾಮಾಣಿಕವಾಗಿ ಹೇಳ್ಬಿಡ್ತೀನಿ. ನಾನ್ ಬೇಲೆಬಲ್ ಅಂದ ತಕ್ಷಣ ಆ ರಾತ್ರೀನೇ ಒಳಗೆ ಹಾಕ್ತಾರೆ ಅಂತ ಅಲ್ಲ. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಕೆ ಬೇಕು ಅಂತ ಪೊಲೀಸರು ಕಾರಣ ಬರೆಯಬೇಕು ಅಂತ 2014ರ ಅರ್ನೇಶ್ ಕುಮಾರ್ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೋಟಿಸ್ ಕೊಟ್ಟು ಕರೆಸಬಹುದು. ಜಾಮೀನೂ ಸಿಗಬಹುದು. ಆದರೆ ಎಫ್‌ಐಆರೇ ಮಾಡಲ್ಲ ಅನ್ನೋದಕ್ಕೂ ಅರೆಸ್ಟ್ ಮಾಡದೆ ತನಿಖೆ ಮಾಡೋದಕ್ಕೂ ವ್ಯತ್ಯಾಸ ಇದೆ. ಜಾಮೀನು ಕೊಡುವಾಗ ಅವನು ಆಕೆಯ ಹತ್ರ ಸುಳಿಯಬಾರದು ಅಂತ ಕೋರ್ಟು ಷರತ್ತು ಹಾಕಬಹುದು. ಆ ಷರತ್ತು ಮುರಿದ್ರೆ ಜಾಮೀನು ರದ್ದು ಮಾಡಿ ಅಂತ ಕೇಳಬಹುದು. ಇದಕ್ಕೆಲ್ಲ ಮೊದಲ ಮೆಟ್ಟಿಲು ಆ ಎಫ್‌ಐಆರು.

*ಪಂಚಾಯ್ತಿಯಲ್ಲಿ ನಾವು ಹೇಳೋ ಸುಳ್ಳುಗಳು*

"ರಾಜಿ ಆಯ್ತಲ್ಲ, ಇನ್ನು ಆರ್ಡರ್ ಎಲ್ಲಿದೆ?" ಇದು ನಾನೇ ಹೇಳಿದ ಸುಳ್ಳು. ಗೊತ್ತಿಲ್ಲದೆ ಹೇಳಿದ್ದು, ಆದ್ರೂ ಸುಳ್ಳೇ. ಕಲಂ 25ರ ಪ್ರಕಾರ ರಕ್ಷಣಾ ಆದೇಶ ಆ ಹೆಂಗಸೇ ಕೋರ್ಟಿಗೆ ಅರ್ಜಿ ಹಾಕಿ ಬೇಡ ಅನ್ನೋವರೆಗೂ ಜಾರಿಯಲ್ಲಿರುತ್ತೆ. ಪರಿಸ್ಥಿತಿ ಬದಲಾಗಿದೆ ಅಂತ ಯಾರಾದರೂ ಅರ್ಜಿ ಹಾಕಿದ್ರೂ ಬದಲಾಯಿಸೋದು ಮ್ಯಾಜಿಸ್ಟ್ರೇಟು, ಅದೂ ಕಾರಣ ಬರೆದು. ಸಮುದಾಯ ಭವನದ ಬಿಳಿ ಹಾಳೆಗೆ ಆ ಅಧಿಕಾರ ಇಲ್ಲ. ನಾವು ಬರೆಸೋ ರಾಜಿ ಪತ್ರದಿಂದ ಕೋರ್ಟಿನ ಆದೇಶ ಸಾಯಲ್ಲ, ಆ ಹೆಂಗಸಿನ ಧೈರ್ಯ ಮಾತ್ರ ಸಾಯುತ್ತೆ.

"ಫೋನ್ ಮಾಡಿದಾನೆ ಅಷ್ಟೇ ತಾನೇ, ಹೊಡೆದಿಲ್ವಲ್ಲ?" ಸಂಪರ್ಕ ಮಾಡಬಾರದು ಅಂತ ಆದೇಶದಲ್ಲಿ ಇದ್ರೆ ಫೋನು, ವಾಟ್ಸಾಪು, ಪತ್ರ ಎಲ್ಲ ಸೇರುತ್ತೆ. ಕಲಂ 18ರಲ್ಲಿ ಮಾತು, ಬರಹ, ಫೋನು, ಎಲೆಕ್ಟ್ರಾನಿಕ್ ಅಂತ ಬಿಡಿಸಿ ಬರೆದಿದಾರೆ. ನಡುರಾತ್ರಿ ನಲವತ್ತು ಮಿಸ್ ಕಾಲ್ ಕೊಡೋನು ಆರ್ಡರ್ ಪಾಲಿಸ್ತಿದಾನೆ ಅಂತ ಯಾರಾದ್ರೂ ಹೇಳೋಕೆ ಆಗುತ್ತಾ?

"ಮನೆ ಅತ್ತೆ ಹೆಸರಲ್ಲಿದೆ, ಇವಳಿಗೇನು ಹಕ್ಕು?" ಆಶ್ರಯ ಮನೆಗಳಿರೋ ನಮ್ಮ ಕಾಲೋನಿಗಳಲ್ಲಿ ಇದು ದಿನಾ ಕೇಳೋ ಮಾತು. ಕಲಂ 17ರ ಪ್ರಕಾರ ಒಟ್ಟಿಗೆ ಬಾಳಿದ ಮನೆಯಲ್ಲಿ ಇರೋಕೆ ಆಕೆಗೆ ಹಕ್ಕಿದೆ. ಹಕ್ಕುಪತ್ರ ಯಾರ ಹೆಸರಲ್ಲಿದೆ ಅನ್ನೋದು ಬೇರೆ ಪ್ರಶ್ನೆ. 2020ರ ಅಕ್ಟೋಬರಲ್ಲಿ ಸತೀಶ್ ಚಂದರ್ ಅಹುಜಾ ಕೇಸಿನಲ್ಲಿ, ಮನೆ ಗಂಡನ ಹೆಸರಲ್ಲೇ ಇರಬೇಕಾಗಿಲ್ಲ, ಅತ್ತೆ ಮಾವನ ಮನೆಯೂ ಬರಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಡಿಸೆಂಬರಲ್ಲಿ ನಮ್ಮ ಬೆಂಗಳೂರಿಂದ ಹೋದ ಎಸ್. ವನಿತಾ ಕೇಸಿನಲ್ಲಿ, ಹಿರಿಯ ನಾಗರಿಕರ ಕಾಯ್ದೆಯನ್ನ ಮುಂದಿಟ್ಟುಕೊಂಡು ಸೊಸೆಯ ಈ ಹಕ್ಕನ್ನ ಸುಮ್ನೆ ಅಳಿಸಿಹಾಕೋಕೆ ಬರಲ್ಲ ಅಂದಿತು.

"ದುಡ್ಡು ಕೊಟ್ಟಿಲ್ಲ, ಅದಕ್ಕೂ 31 ಹಾಕಿಸ್ತೀವಿ." ಇದು ನಮ್ಮ ಕಡೆಯವರೇ ಹೆಣ್ಣುಮಕ್ಕಳಿಗೆ ಹೇಳೋ ಅರೆಬರೆ ಮಾತು. ಜಾಗ್ರತೆ. ಜೀವನಾಂಶ ಕೊಡದೇ ಇರೋದು ಕಲಂ 31ರಲ್ಲಿ ಬರಲ್ಲ ಅಂತ ನಮ್ಮ ಕರ್ನಾಟಕ ಹೈಕೋರ್ಟ್ ಹೇಳಿದೆ. ಅದಕ್ಕೆ ದಾರಿ ಬೇರೆ. ಬಾಕಿ ವಸೂಲಿಗೆ ಅರ್ಜಿ ಹಾಕಬೇಕು. ವಾರಂಟ್ ಹೊರಡಿಸಬಹುದು. ಆಗಲೂ ಕೊಡದಿದ್ರೆ ಬಾಕಿ ಇರೋ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಜೈಲಿಗೆ ಹಾಕೋಕೆ ಅವಕಾಶ ಇದೆ. ಆದರೆ ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕಿರಬೇಕು. ಅವನು ಸಂಬಳದ ಕೆಲಸದಲ್ಲಿದ್ರೆ ಮಾಲೀಕನೇ ಸಂಬಳದಿಂದ ಹಿಡಿದು ಕೊಡಬೇಕು ಅಂತ ಕೋರ್ಟು ಹೇಳಬಹುದು. ಸುಳ್ಳು ಭರವಸೆ ಕೊಟ್ಟು ತಪ್ಪು ಬಾಗಿಲಿಗೆ ಕಳಿಸಬೇಡಿ. ಅಲ್ಲಿಂದ ವಾಪಸ್ ಬಂದವಳು ಸರಿಯಾದ ಬಾಗಿಲಿಗೂ ಹೋಗಲ್ಲ.

"ನೀನು ಏನು ಮಾಡಿದೆ ಅವನು ಹೊಡೆಯೋಕೆ?" ನಮ್ಮ ಪಂಚಾಯ್ತಿಗಳು ಶುರುವಾಗೋದೇ ಈ ಪ್ರಶ್ನೆಯಿಂದ. ಈ ಕಾಯ್ದೆಯ 2006ರ ನಿಯಮಗಳಲ್ಲಿ ಕೋರ್ಟು ನೇಮಿಸೋ ಕೌನ್ಸೆಲಿಂಗ್ ಬಗ್ಗೆ ಏನು ಬರೆದಿದಾರೆ ಗೊತ್ತಾ? ಹಿಂಸೆಗೆ ಸಮರ್ಥನೆ ಕೊಡೋಕೆ ಅಲ್ಲಿ ಅವಕಾಶವೇ ಇಲ್ಲ, ಅದನ್ನ ಮಾತು ಶುರು ಮಾಡೋ ಮುಂಚೇನೇ ಅವನಿಗೆ ಹೇಳಬೇಕು ಅಂತ. ಸರ್ಕಾರದ ನಿಯಮಕ್ಕಿರೋ ಈ ಕನಿಷ್ಠ ಮರ್ಯಾದೆ ಸಮಾನತೆ ಬೋರ್ಡ್ ಹಾಕಿಕೊಂಡಿರೋ ನಮ್ಮ ಪಂಚಾಯ್ತಿಗೆ ಇಲ್ಲ.

*ಆರ್ಡರ್ ಮುರಿದ್ರೆ ಏನು ಮಾಡಬೇಕು?*

ಇದನ್ನ ಸ್ಕ್ರೀನ್‌ಶಾಟ್ ತೆಗೆದು ಇಟ್ಕೊಳ್ಳಿ. ಅಕ್ಕ ತಂಗಿಯರ ಗುಂಪುಗಳಿಗೆ ಕಳಿಸಿ.

1. ಮೊದಲು ಜೀವ. 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181.

2. ಆದೇಶದ ಪ್ರತಿ ಯಾವಾಗಲೂ ಕೈಯಲ್ಲಿರಲಿ. ಕಲಂ 24ರ ಪ್ರಕಾರ ಪ್ರತಿ ಉಚಿತವಾಗಿ ಕೊಡಬೇಕು. ಆ ವ್ಯಾಪ್ತಿಯ ಠಾಣೆಗೂ ಕೋರ್ಟಿಂದ ಪ್ರತಿ ಹೋಗಬೇಕು. ಹೋಗಿದೆಯಾ ಅಂತ ಕೇಳಿ ನೋಡಿ. ಅವನಿಗೆ ಆದೇಶ ಜಾರಿಯಾಗಿದ್ದಕ್ಕೆ ದಾಖಲೆ ಇರಲಿ. "ನಂಗೆ ಗೊತ್ತೇ ಇರಲಿಲ್ಲ ಸ್ವಾಮಿ" ಅನ್ನೋದೇ ಅವರು ಮೊದಲು ಹೇಳೋ ನೆಪ.

3. ಬರೆದಿಡಿ. ತಾರೀಖು, ಹೊತ್ತು, ಏನು ಮಾಡಿದ, ಯಾರು ನೋಡಿದ್ರು. ಕಾಲ್ ಲಿಸ್ಟ್, ಮೆಸೇಜ್ ಅಳಿಸಬೇಡಿ. ಮುರಿದ ಚಿಲಕದ್ದೂ ಫೋಟೋ ತೆಗೀರಿ. ಗಾಯ ಇದ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಎಂಎಲ್‌ಸಿ ಮಾಡಿಸಿ. ‘ಜಾರಿ ಬಿದ್ದೆ’ ಅಂತ ಬರೆಸಬೇಡಿ.

4. ದೂರು ಕೊಡೋಕೆ ಮೂರು ಬಾಗಿಲು ಇದಾವೆ: ಸಂರಕ್ಷಣಾಧಿಕಾರಿ, ಪೊಲೀಸ್ ಠಾಣೆ, ನೇರವಾಗಿ ಮ್ಯಾಜಿಸ್ಟ್ರೇಟ್. ಯಾವುದಕ್ಕೆ ಹೋಗಬೇಕು ಅನ್ನೋದು ಆಕೆಯ ಇಷ್ಟ. ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಅಂದ್ರೆ ಸಿಡಿಪಿಓನೇ ಸಂರಕ್ಷಣಾಧಿಕಾರಿ.

5. ಠಾಣೆಯಲ್ಲಿ ಬಾಯಿಮಾತು ಬೇಡ, ಲಿಖಿತ ದೂರು ಕೊಡಿ. ‘ಕಲಂ 31ರ ಅಪರಾಧ’ ಅಂತ ಬರೀರಿ. ಹಿಂಬರಹ ಕೇಳಿ. ಎಫ್‌ಐಆರ್ ಮಾಡಲ್ಲ ಅಂದ್ರೆ ಅದೇ ದೂರನ್ನ ಎಸ್‌ಪಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ಆಗಲೂ ಆಗಲಿಲ್ಲ ಅಂದ್ರೆ ಬಿಎನ್‌ಎಸ್‌ಎಸ್ 175(3)ರಲ್ಲಿ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು.

6. ತಡ ಮಾಡಬೇಡಿ. ಮೊದಲ ಸಲ ರಕ್ಷಣೆ ಕೇಳಿ ಅರ್ಜಿ ಹಾಕೋಕೆ ಒಂದು ವರ್ಷದ ಗಡುವು ಇಲ್ಲ ಅಂತ 2022ರ ಕಾಮಾಕ್ಷಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆದೇಶ ಮುರಿದ ಅಪರಾಧಕ್ಕೆ, ಮುರಿದ ದಿನದಿಂದ ಒಂದು ವರ್ಷದ ಗಡುವು ಇದೆ. ರಾಜಿ ರಾಜಿ ಅಂತ ನಾವು ಎಳೆದಾಡಿದ ಒಂದೊಂದು ತಿಂಗಳೂ ಆ ಗಡುವಲ್ಲಿ ಕಳೀತಾ ಹೋಗುತ್ತೆ.

7. ವಕೀಲರಿಗೆ ದುಡ್ಡಿಲ್ಲ ಅಂತ ಕೂರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರಿಗೂ ಎಸ್‌ಸಿ, ಎಸ್‌ಟಿಯವರಿಗೂ ಆದಾಯ ನೋಡದೆ ಉಚಿತ ವಕೀಲರನ್ನ ಕೊಡಬೇಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲಾ 15100ಕ್ಕೆ ಫೋನ್ ಮಾಡಿ.

8. ಇನ್ನೂ ಆರ್ಡರ್ ತಗೊಳ್ಳದೇ ಇರೋರಿಗೆ ಒಂದು ಮಾತು. ಅರ್ಜಿಯಲ್ಲಿ ವಾಸ, ಜೀವನಾಂಶ ಮಾತ್ರ ಕೇಳಿ ಸುಮ್ನಾಗಬೇಡಿ. ಕಲಂ 18ರ ರಕ್ಷಣಾ ಆದೇಶವನ್ನೂ ಬಿಡಿಸಿ ಬಿಡಿಸಿ ಕೇಳಿ. ಎಲ್ಲಿಗೆ ಬರಬಾರದು, ಏನು ಮಾಡಬಾರದು ಅಂತ ಸ್ಪಷ್ಟ ಇದ್ದಷ್ಟು ನಾಳೆ ಮುರಿದಾಗ 31 ಗಟ್ಟಿಯಾಗುತ್ತೆ.

ಸಂಗಾತಿಗಳಿಗೂ ಒಂದು ಮಾಹಿತಿ. ಆಕೆಗೆ ಸಹಾಯ ಮಾಡಿದವರ ಮೇಲೆ ಹಿಂಸೆ ಮಾಡಬಾರದು ಅಂತಾನೂ ಕಲಂ 18ರಲ್ಲಿ ಕೇಳಬಹುದು. ಅಂದ್ರೆ ಆಕೆಯ ಜೊತೆ ನಿಂತ ನೆರೆಯವರು, ಸಂಘದ ಹೆಣ್ಣುಮಕ್ಕಳು ಈ ಕಾನೂನಿನ ಕಣ್ಣಿಗೆ ಬಿದ್ದಿದಾರೆ. "ನಮಗ್ಯಾಕೆ ಊರ ಉಸಾಬರಿ" ಅನ್ನಬೇಡಿ.

*"ನಮ್ಮ ಹುಡುಗರನ್ನ ಪೊಲೀಸರ ಕೈಗೆ ಕೊಡ್ತೀರಾ?"*

ಈ ಪ್ರಶ್ನೆಯನ್ನ ನಾನು ಹಗುರವಾಗಿ ತಗೊಳ್ಳಲ್ಲ. ಠಾಣೆ ಅಂದ್ರೆ ನಮ್ಮ ಜನಕ್ಕೆ ಏನು ಅಂತ ನನಗೆ ಗೊತ್ತು. ಹೆಸರು ಕೇಳಿದ ಮೇಲೆ ಕೇರಿ ಯಾವುದು ಅಂತ ಕೇಳ್ತಾರೆ. ಕೇರಿ ಗೊತ್ತಾದ ಮೇಲೆ ದನಿ ಬದಲಾಗುತ್ತೆ. ಅದೇ ತಪ್ಪಿಗೆ ಮೇಲಿನ ಬೀದಿ ಹುಡುಗನಿಗೆ ಕುರ್ಚಿ, ನಮ್ಮ ಹುಡುಗನಿಗೆ ಗೋಡೆ ಮೂಲೆ. ಹೊಡೆಸಿಕೊಂಡ ಹೆಂಡ್ತೀನೇ "ಬೇಡ ಸಾರ್, ಅವನಿಗೆ ಹೊಡೀಬೇಡಿ" ಅಂತ ಠಾಣೆ ಮುಂದೆ ಅತ್ತಿದ್ದನ್ನ ನಾನು ನೋಡಿದೀನಿ. ದಲಿತ ಹೆಣ್ಣುಮಗಳಿಗೆ ಇದು ಎರಡು ಕಡೆ ಸುಡೋ ಕೊಳ್ಳಿ. ಮನೆಯಲ್ಲಿ ಗಂಡ, ಠಾಣೆಯಲ್ಲಿ ಜಾತಿ.

ಆದರೆ ಅದಕ್ಕೇ ನಾನು ಈ ಕಾಯ್ದೆ ಕಡೆ ಕೈ ತೋರಿಸ್ತಿರೋದು. ಇದು ಮೊದಲ ದಿನಾನೇ ಜೈಲು ಅನ್ನೋ ಕಾಯ್ದೆ ಅಲ್ಲ. ಮೊದಲು ಒಂದು ಗೆರೆ ಎಳೆದು, ದಾಟಬೇಡ ಅನ್ನುತ್ತೆ. ಅವನಿಗೆ ನೋಟಿಸ್ ಹೋಗುತ್ತೆ, ಮಾತಾಡೋಕೆ ಅವಕಾಶ ಇದೆ, ಆದೇಶ ತಪ್ಪು ಅನ್ನಿಸಿದ್ರೆ ಮೂವತ್ತು ದಿನದಲ್ಲಿ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಬಹುದು. ಇಷ್ಟೆಲ್ಲಾ ಆದ ಮೇಲೂ ರಾತ್ರಿ ಹತ್ತೂವರೆಗೆ ಬಂದು ಚಿಲಕ ಕೀಳ್ತಾನೆ ಅಂದ್ರೆ, ಅವನನ್ನ ಪೊಲೀಸರ ಕೈಗೆ ಕೊಟ್ಟಿದ್ದು ಅವಳಲ್ಲ, ನಾನಲ್ಲ. ಅವನೇ ನಡ್ಕೊಂಡು ಹೋಗಿದಾನೆ.

ಠಾಣೆಯಲ್ಲಿ ಅವನಿಗೆ ಜಾತಿ ಹಿಡಿದು ಹೊಡೆದ್ರೆ ನಾನು ಆ ಠಾಣೆ ಮುಂದೆ ಧರಣಿ ಕೂರ್ತೀನಿ. ಇದು ಮಾತು. ಆದರೆ ಅವಳನ್ನ ಹೊಡೆಯೋ ಅವನ ಹಕ್ಕಿಗೋಸ್ಕರ ಕೂರಲ್ಲ. ಎರಡನ್ನೂ ಒಂದೇ ಗಂಟು ಮಾಡೋದು ನಮ್ಮ ಅನುಕೂಲಕ್ಕೆ.

ಗಂಡ ಬೇರೆ ಜಾತಿಯವನಾಗಿ, ನಮ್ಮ ಹೆಣ್ಣುಮಗಳನ್ನ ಅವನ ಮನೆಯವರು ಜಾತಿ ಎತ್ತಿ ಹಿಂಸೆ ಮಾಡಿದ್ರೆ ಅಲ್ಲಿ ದೌರ್ಜನ್ಯ ತಡೆ ಕಾಯ್ದೆಯೂ ಬರುತ್ತೆ. ಅಲ್ಲಿ ನಾವೆಲ್ಲ ನೀಲಿ ಶಾಲು ಹಾಕ್ಕೊಂಡು ಎದ್ದು ನಿಲ್ತೀವಿ. ನಿಲ್ಲಲೇಬೇಕು. ಆದರೆ ಹೊಡೆದವನು ನಮ್ಮವನೇ ಆದಾಗ ಆ ಶಾಲು ಎಲ್ಲಿ ಹೋಗುತ್ತೆ? ಏಟಿನ ನೋವು ಎರಡೂ ಕಡೆ ಒಂದೇ ಅಲ್ವಾ?

*ಇದು ಭದ್ರಾವತಿಯ ನೆಲ*

ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿ ಕಾಲೇಜಲ್ಲಿ ಕನ್ನಡ ಪಾಠ ಹೇಳ್ತಾ, ಈ ಊರಿನ ಕಾರ್ಮಿಕರನ್ನ, ವಿದ್ಯಾರ್ಥಿಗಳನ್ನ ಕೂಡಿಸಿ ದಲಿತ ಸಂಘರ್ಷ ಸಮಿತಿ ಕಟ್ಟಿದ ನೆಲ ಇದು. 1986ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕು ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ವಿರುದ್ಧ ಚಳವಳಿಯ ಸಂಗಾತಿಗಳು ನಿಂತು ಏಟು ತಿಂದ್ರು. ಅವತ್ತೂ "ಇದು ನಂಬಿಕೆ ವಿಷಯ, ಅವರವರ ಮನೆತನದ ವಿಷಯ, ನೀವ್ಯಾಕೆ ಬರ್ತೀರಿ" ಅಂತಾನೇ ಕೇಳಿದ್ದು. ಹೆಣ್ಣಿನ ಮೈ ಮೇಲಿನ ಅವಮಾನ ಖಾಸಗಿ ವಿಷಯ ಅಲ್ಲ ಅಂತ ನಮ್ಮ ಹಿರಿಯರು ಅವತ್ತು ಉತ್ತರ ಕೊಟ್ರು. ಸರ್ಕಾರ ಅದನ್ನ ನಿಷೇಧ ಮಾಡಬೇಕಾಯ್ತು. ದೇವರ ಹೆಸರಲ್ಲಿ ಆದ್ರೆ ಸಾರ್ವಜನಿಕ, ಗಂಡನ ಹೆಸರಲ್ಲಿ ಆದ್ರೆ ಖಾಸಗಿ, ಇದು ಯಾವ ನ್ಯಾಯ?

ಬಾಬಾಸಾಹೇಬರು 1942ರ ಜುಲೈನಲ್ಲಿ ನಾಗಪುರದಲ್ಲಿ ಸೇರಿದ್ದ ದಲಿತ ಹೆಣ್ಣುಮಕ್ಕಳ ಸಮ್ಮೇಳನದಲ್ಲಿ, ಒಂದು ಸಮುದಾಯ ಎಷ್ಟು ಮುಂದೆ ಬಂದಿದೆ ಅನ್ನೋದನ್ನ ಅದರ ಹೆಂಗಸರು ಎಷ್ಟು ಮುಂದೆ ಬಂದಿದಾರೆ ಅನ್ನೋದರಿಂದ ಅಳೀತೀನಿ ಅನ್ನೋ ಅರ್ಥದ ಮಾತು ಹೇಳಿದ್ರು. ಹೆಂಡತಿ ಗಂಡನಿಗೆ ಗೆಳತಿ, ಸಮಾನಳು, ಗುಲಾಮಳಲ್ಲ ಅಂತಾನೂ ಹೇಳಿದ್ರು. 1951ರಲ್ಲಿ ಅವರು ಕಾನೂನು ಮಂತ್ರಿ ಪದವಿ ಬಿಟ್ಟಾಗ ಹಿಂದೂ ಕೋಡ್ ಬಿಲ್ ಮೂಲೆಗೆ ಸೇರಿದ್ದು ಒಂದು ದೊಡ್ಡ ಕಾರಣ. ಅಂಥವರ ಫೋಟೋ ಮುಂದೆ ನಾವು ರಾಜಿ ಆಣೆ ಮಾಡಿಸಿದ್ವಿ. ಅದನ್ನ ನೆನೆಸಿಕೊಂಡ್ರೆ ಈಗಲೂ ನಾಚಿಕೆ ಆಗುತ್ತೆ.

*ವ್ಯವಸ್ಥೆಯನ್ನೂ ಬಿಡಲ್ಲ*

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 5ರ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 44ರಷ್ಟು ಜನ ಗಂಡನ ಹಿಂಸೆ ಅನುಭವಿಸಿದಾರೆ. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ. 20ರ ಆಸುಪಾಸಿತ್ತು. ಇಷ್ಟು ದೊಡ್ಡ ಕೆಲಸವನ್ನ ನಮ್ಮ ರಾಜ್ಯ ಯಾರ ಹೆಗಲಿಗೆ ಹಾಕಿದೆ? ಅಂಗನವಾಡಿ, ಪೌಷ್ಟಿಕ ಆಹಾರ, ಮೀಟಿಂಗು, ವರದಿ ಅಂತ ಮೊದಲೇ ಮುಳುಗಿರೋ ಸಿಡಿಪಿಓಗಳಿಗೆ. ಸಂರಕ್ಷಣಾಧಿಕಾರಿ ಅನ್ನೋದು ಅವರ ಬಾಗಿಲ ಮೇಲಿನ ಇನ್ನೊಂದು ಬೋರ್ಡು ಅಷ್ಟೇ.

ಮ್ಯಾಜಿಸ್ಟ್ರೇಟ್ ಹೇಳಿದ ಕೆಲಸವನ್ನ ಸರಿಯಾದ ಕಾರಣ ಇಲ್ಲದೆ ಸಂರಕ್ಷಣಾಧಿಕಾರಿ ಮಾಡದಿದ್ರೆ ಅವರಿಗೂ ಒಂದು ವರ್ಷದವರೆಗೆ ಜೈಲು ಅಥವಾ 20,000ವರೆಗೆ ದಂಡ ಅಂತ ಕಲಂ 33 ಹೇಳುತ್ತೆ. ಕೇಳೋಕೆ ಚೆನ್ನಾಗಿದೆ. ಆದರೆ ಮುಂದಿನ ಕಲಮಿನಲ್ಲೇ ಸರ್ಕಾರದ ಪೂರ್ವಾನುಮತಿ ಬೇಕು ಅಂತ ಬೀಗ ಹಾಕಿದಾರೆ. ನನಗೆ ಒಬ್ಬ ಅಧಿಕಾರಿಯನ್ನ ಜೈಲಿಗೆ ಕಳಿಸೋ ಆಸೆ ಇಲ್ಲ. ಆ ಕೆಲಸಕ್ಕೆ ಅಂತಾನೇ ಒಬ್ಬರು ಬೇಕು ಅನ್ನೋದು ನನ್ನ ಒತ್ತಾಯ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಎಲ್ಲಾ ರಾಜ್ಯಗಳಿಗೆ ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನ ಗುರುತಿಸಿ ನೇಮಿಸಿ ಅಂತ ನಿರ್ದೇಶನ ಕೊಟ್ಟಿದೆ. ಕಾಯ್ದೆ ಬಂದು ಹತ್ತೊಂಬತ್ತು ವರ್ಷ ಆದ ಮೇಲೂ ಕೋರ್ಟು ಇದನ್ನ ಹೇಳಬೇಕಾಯ್ತು.

ಶಿವಮೊಗ್ಗ ಜಿಲ್ಲಾಡಳಿತದ ಮುಂದೆ ನಮ್ಮ ಬೇಡಿಕೆ ಮೂರು. ಪ್ರತಿ ಠಾಣೆಯಲ್ಲಿ ತಮ್ಮ ವ್ಯಾಪ್ತಿಯ ರಕ್ಷಣಾ ಆದೇಶಗಳದ್ದೇ ಒಂದು ರಿಜಿಸ್ಟರ್ ಇರಲಿ, ರಾತ್ರಿ ಡ್ಯೂಟಿಯವರಿಗೂ ಅದು ಗೊತ್ತಿರಲಿ. ಜಿಲ್ಲೆಯ ಪ್ರತಿ ತಾಲ್ಲೂಕಿಗೆ ಬೇರೆ ಹೊರೆ ಇಲ್ಲದ ಸಂರಕ್ಷಣಾಧಿಕಾರಿ ಬೇಕು. ಕಲಂ 31, 32 ಏನು ಹೇಳುತ್ತೆ ಅಂತ ಪ್ರತಿ ಠಾಣೆಯ ಗೋಡೆ ಮೇಲೆ ಕನ್ನಡದಲ್ಲಿ ಬರೆಸಬೇಕು. ಮೂರರಲ್ಲಿ ಯಾವುದೂ ಕೋಟಿ ಖರ್ಚಿನ ಯೋಜನೆ ಅಲ್ಲ.

*ಕೊನೆಗೆ*

ಗೋಪಾಳದ ಆ ತಂಗಿ ವಿಷಯ ಹೇಳಿಬಿಡ್ತೀನಿ. ಮರುದಿನ ಕೆಲಸಕ್ಕೆ ರಜೆ ಹಾಕಿದ್ಲು, ಆ ದಿನದ ಸಂಬಳ ಹೋಯ್ತು. ಲಿಖಿತ ದೂರು ಕೊಟ್ವಿ. ಜೊತೆಯಲ್ಲಿ ಬಂದ ವಕೀಲೆ ಅಕ್ಕ ಕಲಂ 32ನ್ನ ಮೇಜಿನ ಮೇಲೆ ಇಟ್ಟು ಓದಿ ಹೇಳಿದ್ರು. ಸಂಜೆ ಹೊತ್ತಿಗೆ ಎಫ್‌ಐಆರ್ ಆಯ್ತು. ಅವನಿಗೆ ಜಾಮೀನೂ ಸಿಕ್ತು, ಅವಳ ಹತ್ರ ಸುಳಿಯಬಾರದು ಅನ್ನೋ ಷರತ್ತಿನ ಮೇಲೆ. ಇದು ಗೆಲುವು ಅಂತ ನಾನು ಹೇಳಲ್ಲ. ಕೇಸು ಎಷ್ಟು ವರ್ಷ ಹೋಗುತ್ತೋ, ಅವನು ಮತ್ತೆ ಬರ್ತಾನೋ ಇಲ್ವೋ. ಆದರೆ ಹೊಸ ಚಿಲಕ ಹಾಕಿಸಿದ ದಿನ ಆಕೆ ಹೇಳಿದ್ದು: "ಕಾಗದ ಸುಳ್ಳಾಗ್ಲಿಲ್ಲ ಅಣ್ಣಾ."

ನಾನು ನನ್ನ ಕಡೆಯಿಂದ ಮೂರು ತೀರ್ಮಾನ ಮಾಡಿದೀನಿ, ನಿಮ್ಮ ಮುಂದೆ ಹೇಳ್ತಿದೀನಿ, ತಪ್ಪಿದ್ರೆ ಕೇಳಿ. ರಕ್ಷಣಾ ಆದೇಶ ಇರೋ ಯಾವ ಕೇಸಲ್ಲೂ ರಾಜಿ ಪಂಚಾಯ್ತಿಗೆ ಕೂರಲ್ಲ. ಆಕೆಗೇ ಒಟ್ಟಿಗೆ ಬಾಳಬೇಕು ಅನ್ನಿಸಿದ್ರೆ ಅದು ಆಕೆಯ ಇಷ್ಟ. ಅದನ್ನ ಆಕೆ ಕೋರ್ಟಲ್ಲಿ ಹೇಳಲಿ, ನನ್ನ ಮುಂದೆ ಅಲ್ಲ. ಆದೇಶ ಮುರಿದ ಯಾವನೂ ನಮ್ಮ ಸಂಘಟನೆಯ ವೇದಿಕೆ ಹತ್ತೋಕೆ ಬಿಡಲ್ಲ, ಅವನು ಎಷ್ಟೇ ಚೆನ್ನಾಗಿ ಹೋರಾಟದ ಹಾಡು ಹೇಳಲಿ. ಮೂರನೇದು, ಭದ್ರಾವತಿಯ ಆ ಅಕ್ಕ ಕೋರ್ಟಿಗೆ ಹೋದ್ರೆ, ಆ ಬಿಳಿ ಹಾಳೆ ಮೇಲಿರೋದು ನನ್ನ ಸಹಿ ಅಂತ, ಆಕೆಯನ್ನ ತಡೆದವರಲ್ಲಿ ನಾನೂ ಒಬ್ಬ ಅಂತ ಸಾಕ್ಷಿ ಹೇಳ್ತೀನಿ.

ನಿಮ್ಮ ಸಹಿ ಎಷ್ಟು ಹಾಳೆ ಮೇಲಿದೆ, ಒಂದು ಸಲ ನೆನಪು ಮಾಡ್ಕೊಳ್ಳಿ.

ಜೈ ಭೀಮ್. ಜೈ ಸಾವಿತ್ರಿಬಾಯಿ.

(ಶೇರ್ ಮಾಡಿ, ಕಾಪಿ ಪೇಸ್ಟ್ ಮಾಡಿ, ನನ್ನ ಹೆಸರು ಬೇಕಾಗಿಲ್ಲ. ಕಾಮೆಂಟಲ್ಲಿ ಯಾವ ಹೆಣ್ಣುಮಗಳ ಹೆಸರು, ಊರು ಬರೀಬೇಡಿ. ಸಹಾಯ ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ.)